ಬಾಗಿಲ ಮೇಲಿನ ಜಟ್ಟಿಗಳು

ಅದು ಶುರುವಾದದ್ದು ಬೇಸಿಗೆ ಇನ್ನೇನು ಮುಗಿಯಿತು ಅನ್ನುವ ದಿನಗಳಲ್ಲಿ, ಒಂದು ಸೋಮವಾರ, ಊಟ ಮುಗಿಸಿ ಬೀದಿಗೆ ಬೀದಿಯೇ ತೂಕಡಿಸುವ ಹೊತ್ತಿನಲ್ಲಿ. ಅಚ್ಚುಕೂಟದೊಳಗೆ ಫ್ಯಾನು ತಿರುಗುತ್ತಿತ್ತೇ ಹೊರತು ಗಾಳಿ ಬರುತ್ತಿರಲಿಲ್ಲ. ಅಕ್ಕ ಕಿಟಕಿಯ ಪಕ್ಕ ಮಣೆ ಹಾಕಿಕೊಂಡು ಕೂತು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮರದ ಅಕ್ಷರಗಳ ಮುಖ ಒರೆಸುತ್ತಿದ್ದಳು. ತಮ್ಮ ಯಂತ್ರಕ್ಕೆ ಬೆನ್ನು ಕೊಟ್ಟು ನಿಂತು, ಹೇಳಲೋ ಬೇಡವೋ ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ನುಂಗಿಬಿಡು, ಇಲ್ಲಾ ಉಗಿದುಬಿಡು," ಅಂದಳು ಅಕ್ಕ ತಲೆ ಎತ್ತದೆ. "ನಡುವೆ ಇಟ್ಟುಕೊಂಡು ಒದ್ದಾಡಬೇಡ."

"ಜಟ್ಟಿಗಳನ್ನ ಕೊಟ್ಟುಬಿಡ್ತೀನಿ ಅಂತ ಮಾತು ಕೊಟ್ಟಿದ್ದೀನಿ," ಅಂದ ತಮ್ಮ.

ಅಕ್ಕನ ಕೈಯಲ್ಲಿದ್ದದ್ದೂ ಒಂದು ಜಟ್ಟಿಯೇ. ಆ ಹೆಸರು ಇಟ್ಟವನು ಅವರ ಅಪ್ಪ. ಗೇಣಿಗಿಂತ ಎತ್ತರದ ಅಕ್ಷರಗಳು. ಮೈ ದಪ್ಪ, ಆದರೆ ಅಗಲದಲ್ಲಿ ಬಲು ಇಕ್ಕಟ್ಟು. ತುಂಬಿದ ಬಸ್ಸಿನಲ್ಲಿ ಹೊಟ್ಟೆ ಒಳಗೆಳೆದುಕೊಂಡು, ಭುಜಕ್ಕೆ ಭುಜ ಒತ್ತಿ ನಿಂತ ಕುಸ್ತಿಯವರನ್ನು ನೋಡಿದ್ದೀರಲ್ಲ, ಹಾಗೆ. ತಲೆಗೂ ಕಾಲಿಗೂ ಹಲಗೆ ಬಡಿದಂಥ ಚೌಕನೆಯ ಪಟ್ಟಿ. ಆ ಪಾದ ನೋಡಿದರೆ ಇವರನ್ನು ಇಲ್ಲಿಂದ ಯಾರೂ ಅಲ್ಲಾಡಿಸಲಾರರು ಅನ್ನಿಸಬೇಕು. ಕಿರಿದಾದ ಹಾಳೆಯಲ್ಲಿ ದೊಡ್ಡ ಕೂಗು ಹಾಕಬೇಕು ಅಂತ ಯಾರಾದರೂ ಬಂದರೆ ಅಪ್ಪ ಬೇರೆ ಯಾವ ಡ್ರಾಯರನ್ನೂ ಎಳೆಯುತ್ತಿರಲಿಲ್ಲ. ಅಕ್ಕ ಮೇಜಿಗೆ ಕೈ ಎಟುಕದ ಹುಡುಗಿಯಾಗಿದ್ದಾಗ ಸ್ಟೂಲಿನ ಮೇಲೆ ನಿಂತು ಮೊದಲು ಜೋಡಿಸಿದ್ದೂ ಅವನ್ನೇ. ಹೆಣ್ಣು ನೋಡಲು ಬಂದ ಗಂಡುಗಳೆಲ್ಲ ಅವಳ ಉಗುರಿನ ಮಸಿ ನೋಡಿ ವಾಪಸು ಹೋದರು. ಮಸಿ ಹೋಗಲಿಲ್ಲ, ಅವಳೂ ಹೋಗಲಿಲ್ಲ.

"ಯಾರಿಗೆ?" ಅಂದಳು.

"ಹೋಟೆಲುಗಳ ಗೋಡೆಗೆ ಹಳೇ ಸಾಮಾನು ತಗಲಿಸಿ ಚಂದ ಮಾಡ್ತಾನಲ್ಲ, ಅವನಿಗೆ. ಒಂದೊಂದು ಗೋಡೆಗೆ ಒಂದೊಂದು ಅಕ್ಷರ."

"ಒಂಟಿ ಜಟ್ಟಿ ಅಲ್ಲಿ ಏನು ಮಾಡುತ್ತೋ? ಊಟಕ್ಕೆ ಕೂತವರನ್ನ ಹೆದರಿಸುತ್ತಾ?"

"ಇಲ್ಲಿ ಏನು ಮಾಡ್ತಿದೆ ಹೇಳು. ಮುಖ ತೊಳೆಸಿಕೊಂಡು ಮತ್ತೆ ಮಲಗುತ್ತೆ. ಈಗ ಯಾರಕ್ಕಾ ಗೋಡೆ ಓದ್ತಾರೆ? ಎಲ್ಲರ ಕಣ್ಣೂ ಅಂಗೈಗೆ ಅಂಟಿಕೊಂಡಿದೆ. ಬೆಂಕಿ ಬಿದ್ದಿದೆ ಅಂತ ಜಟ್ಟಿಯಲ್ಲಿ ಹಾಕಿದರೂ ಒಂದು ತಲೆ ತಿರುಗಲ್ಲ. ನನ್ನ ಬೆನ್ನು ನೋಡು, ಈ ಹಿಡಿ ಎಳೆದು ಎಳೆದು ಕುಡುಗೋಲು ಆಗಿದೆ. ಗುಂಡಿ ಒತ್ತಿದರೆ ಮುದ್ರಣ ಆಗೋ ಯಂತ್ರ ಒಂದು ತಂದುಬಿಟ್ಟರೆ..."

ಗುಂಡಿ ಅನ್ನುವ ಮಾತು ಬಾಯಿಂದ ಬಿದ್ದ ಕೂಡಲೇ ಅವನ ಕಣ್ಣು ತಾನಾಗಿ ಎದುರು ಸಾಲಿನ ಗುಂಡಿ ಅಂಗಡಿಯ ಕಡೆ ಹೋಯಿತು. ಅಕ್ಕ ಅದನ್ನೂ ನೋಡಿದಳು.

"ಅವನು ಬರೋದು ಯಾವಾಗ?"

"ಗುರುವಾರ. ಸಂಜೆ ಐದಕ್ಕೆ. ಗಾಡಿ ತರ್ತಾನೆ."

ಅಕ್ಕ ಬಟ್ಟೆ ಹಿಂಡಿ ಕಿಟಕಿಗೆ ಹಾಕಿದಳು. "ಹಾಗಾದರೆ ಒಂದು ಪಂಥ. ಒಂದೇ ಹಾಳೆ, ಒಂದೇ ಸಾಲು. ಬೀದಿ ಎದ್ದು ನಮ್ಮ ಬಾಗಿಲಿಗೆ ಬಂದರೆ ಜಟ್ಟಿಗಳು ಇಲ್ಲೇ ಇರ್ತವೆ. ಬರಲಿಲ್ಲವೋ, ನಾನೇ ಒಂದೊಂದನ್ನೂ ಬಟ್ಟೆ ಸುತ್ತಿ ಗಾಡಿಗೆ ಹತ್ತಿಸ್ತೀನಿ. ಒಂದು ಮಾತು ಆಡಲ್ಲ."

ತಮ್ಮನ ಮುಖ ಅರಳಿತು. ಅಕ್ಕನ ಮೌನಕ್ಕಿಂತ ಪಂಥ ವಾಸಿ ಅವನಿಗೆ. "ಸುಳ್ಳು ಬರೆಯೋ ಹಾಗಿಲ್ಲ."

"ಅಪ್ಪನಾಣೆ ಬರೆಯಲ್ಲ."

"ಏನೋ ಬಿಟ್ಟಿ ಕೊಡ್ತೀವಿ ಅಂತ ಆಸೆ ತೋರಿಸೋ ಹಾಗಿಲ್ಲ."

"ಕೊಡೋಕೆ ನಮ್ಮ ಹತ್ತಿರ ಏನಿದೆ, ಮಸಿನಾ?"

"ಒಬ್ಬಿಬ್ಬರು ಬಂದು ಇಣುಕಿ ಹೋದರೆ ಲೆಕ್ಕಕ್ಕಿಲ್ಲ."

"ಗಾಡಿ ಬಾಗಿಲ ಹತ್ತಿರ ಬರೋಕೆ ಜಾಗ ಇರಬಾರದು. ಅಷ್ಟು ಜನ. ಸಾಕಾ?"

ತಮ್ಮ ನಕ್ಕು ನಕ್ಕು ಯಂತ್ರವನ್ನೇ ತಟ್ಟಿದ. "ಆಯ್ತು ಮಹಾತಾಯಿ. ಬಟ್ಟೆ ಈಗಲೇ ಹುಡುಕಿಟ್ಟುಕೋ, ಸುತ್ತೋಕೆ."

ಆ ಅಚ್ಚುಕೂಟಕ್ಕೆ ಅಪ್ಪನ ಕಾಲದಿಂದ ಎರಡು ಕಟ್ಟಳೆ ಇದ್ದವು. ಏನೇ ಅಚ್ಚಾಗಲಿ, ಮೊದಲ ಹಾಳೆ ಹೊರಬಾಗಿಲಿಗೆ ಅಂಟಬೇಕು. ಬೀದಿಯವರು ಬಂದು ಓದಿ, ಅಲ್ಲಿ ಮಸಿ ಹತ್ತಿಲ್ಲ, ಇಲ್ಲಿ ಸಾಲು ಓರೆ ಅಂತ ತಪ್ಪು ಹಿಡಿದ ಮೇಲೆಯೇ ಉಳಿದವು ಯಂತ್ರದಿಂದ ಇಳಿಯುವುದು. ಹಾಗಾಗಿ ಆ ಬೀದಿಯಲ್ಲಿ ತಪ್ಪು ಹಿಡಿಯುವ ಕಸುಬು ಬಾರದವರೇ ಇರಲಿಲ್ಲ. ಇನ್ನೊಂದು, ಕೆಲಸ ಕೊಟ್ಟವರು ಯಾರು ಎಂದು ಕೆಲಸ ಮುಗಿದು ಕೈಗೆ ಸೇರುವ ತನಕ ಬಾಯಿಬಿಡಬಾರದು. ಹೊಸ ಅಂಗಡಿ ತೆರೆಯುವವನ ಸುದ್ದಿ ಹಳೇ ಅಂಗಡಿಯವನಿಗೆ ಹೋಗಿ ಒಮ್ಮೆ ಕೊರಳಪಟ್ಟಿ ಹಿಡಿಯುವ ತನಕ ಬಂದಿತ್ತಂತೆ, ಅಂದಿನಿಂದ ಈ ಬೀಗ. ಬೀದಿಯವರಿಗೂ ಇದು ಗೊತ್ತಿತ್ತು. ಕೇಳುವುದು ಅವರ ಚಟ, ಹೇಳದಿರುವುದು ಇವರ ಚಟ.

ಮಂಗಳವಾರ ಬೆಳಿಗ್ಗೆ ಅಕ್ಕ ಡ್ರಾಯರು ಎಳೆದಳು. ಜಟ್ಟಿಗಳನ್ನು ಬಲದಿಂದ ಎಡಕ್ಕೆ ಒಬ್ಬೊಬ್ಬರನ್ನಾಗಿ ಚೌಕಟ್ಟಿನೊಳಗೆ ನಿಲ್ಲಿಸಿದಳು. ಒಬ್ಬನಿಗೆ ಪಾದದ ಮೂಲೆ ಚೂರು ಹಾರಿತ್ತು, ಅವನ ಕಾಲಡಿಗೆ ಮಡಚಿದ ರಟ್ಟು ಕೊಟ್ಟಳು. ಸುತ್ತ ಮರದ ತುಂಡು ಜಡಿದು ಬಿಗಿ ಮಾಡಿ, ರೋಲರಿನಿಂದ ಕಪ್ಪು ಮಸಿ ಎಳೆದಳು. ಮಸಿ ಹತ್ತುವಾಗ ಅಂಟಂಟಾಗಿ ಪಿಸುಗುಡುವ ಸದ್ದು ಬರುತ್ತದಲ್ಲ, ಅದು ಕೇಳಿದರೆ ಅವಳಿಗೆ ಹಸಿವಾಗುತ್ತಿತ್ತು.

"ಎಳಿ," ಅಂದಳು ತಮ್ಮನಿಗೆ. "ಪಂಥ ಆದರೂ ಹಿಡಿ ನಿನ್ನದೇ."

ತಮ್ಮ ಹಾಳೆ ಎತ್ತಿ ಓದಿದ. ಹಾಳೆಯ ತುಂಬ ಜಟ್ಟಿಗಳು ಎದೆ ಸೆಟೆಸಿ ನಿಂತಿದ್ದರು:

ಗುರುವಾರ ಸಂಜೆ ಐದಕ್ಕೆ ಇಲ್ಲೇ

ಅವನು ಹಾಳೆಯ ಹಿಂಬದಿ ತಿರುಗಿಸಿ ನೋಡಿದ. "ಏನು ಇಲ್ಲೇ?"

"ಸುಳ್ಳೇನಾದರೂ ಇದೆಯಾ?"

"ಸುಳ್ಳಿಲ್ಲ. ಗುರುವಾರ ಐದಕ್ಕೆ ಗಾಡಿ ಇಲ್ಲಿಗೇ ಬರೋದು. ಆದರೆ ಏನೂ ಇಲ್ವಲ್ಲಕ್ಕಾ ಇದರಲ್ಲಿ!"

"ಇರೋದು ಸಾಕು. ಅಂಟು ತಾ."

ಬಾಗಿಲಿಗೆ ಮೊದಲು ಬಂದವನು ಕ್ಷೌರದವನು. ಅವನ ಅಂಗಡಿ ಪಕ್ಕದ್ದೇ. ಸೊಂಟಕ್ಕೆ ಕೈ ಕೊಟ್ಟು ತಪ್ಪು ಹುಡುಕಿದ, ಸಿಗಲಿಲ್ಲ. ಮಸಿ ಸಮ, ಸಾಲು ನೆಟ್ಟಗೆ. ಮತ್ತೆ ಓದಿದ. ಕಿಟಕಿಯಲ್ಲಿ ತಲೆ ಹಾಕಿದ.

"ಅಕ್ಕಾ, ಅರ್ಧ ಎಲ್ಲಿ ಹೋಯ್ತು?"

"ಕೊಟ್ಟದ್ದು ಅಷ್ಟೇ."

"ಯಾರು ಕೊಟ್ಟದ್ದು?"

ಅಕ್ಕ ಬಟ್ಟೆ ಹಿಂಡಿದಳು.

"ಹೋಗಲಿ, ದೊಡ್ಡವರಾ ಸಣ್ಣವರಾ, ಅಷ್ಟಾದರೂ ಹೇಳಿ. ಜಟ್ಟಿಯಲ್ಲಿ ಹಾಕಿದ್ದೀರಿ ಅಂದಮೇಲೆ ಸಣ್ಣ ವಿಷಯ ಅಲ್ಲ."

"ನಿಮ್ಮ ಗಿರಾಕಿ ಅರ್ಧ ಗಡ್ಡದಲ್ಲಿ ಕೂತಿದ್ದಾನೆ, ಹೋಗಿ."

ಆ ಅರ್ಧ ಗಡ್ಡದವನು ಪೂರ್ತಿ ಗಡ್ಡ ಕಳೆದುಕೊಂಡು ಏಳುವಷ್ಟರಲ್ಲಿ ಸುದ್ದಿಗೆ ಕಾಲು ಬಂದಿತ್ತು. ಮಧ್ಯಾಹ್ನಕ್ಕೆ ದರ್ಜಿ ಬಂದ, ಕೊರಳಲ್ಲಿ ಅಳತೆ ಪಟ್ಟಿ ಸಮೇತ. ಶಾಲೆಯವರು ಸಮವಸ್ತ್ರದ ಕೆಲಸ ಯಾರಿಗೆ ಕೊಡುತ್ತಾರೆಂದು ಅವನು ತಿಂಗಳುಗಳಿಂದ ಕಾಯುತ್ತಿದ್ದ. ಹಾಳೆ ಓದಿ ಅಕ್ಕನ ಕಡೆ ಒಂದು ಕಣ್ಣು ಮುಚ್ಚಿ ತೆರೆದ. "ಅರ್ಥ ಆಯ್ತು ಅಕ್ಕ. ನಾನೇನೂ ಕೇಳಲ್ಲ. ನೀವೇನೂ ಹೇಳಿಲ್ಲ." ಅಂತ ಹೇಳಿ ತಲೆ ಅಲ್ಲಾಡಿಸುತ್ತ ಹೋದ. ಏನು ಅರ್ಥವಾಯಿತೋ ಅಕ್ಕನಿಗೆ ಅರ್ಥವಾಗಲಿಲ್ಲ.

ಸಂಜೆ, ಕೆಲಸದಿಂದ ನಿವೃತ್ತರಾಗಿ ಕೆಲಸವಿಲ್ಲದೆ ಬೇಯುತ್ತಿದ್ದ ಮೇಷ್ಟ್ರು ಕೋಲೂರಿಕೊಂಡು ಬಂದರು. ಕನ್ನಡಕ ಒರೆಸಿ ಓದಿ, ಮತ್ತೆ ಒರೆಸಿ ಓದಿದರು. ಅವರ ಕಿವಿ ಕೆಂಪಾಯಿತು.

"ಹುಡುಗರು ಸುಮ್ಮನಿರಲಿಲ್ಲ ನೋಡಮ್ಮ," ಅಂದರು ಮೆಲ್ಲಗೆ. "ನನಗೆ ಸನ್ಮಾನ ಗಿನ್ಮಾನ ಬೇಡ ಅಂತ ಎಷ್ಟು ಸಲ ಹೇಳಿದ್ದೆ."

"ಮೇಷ್ಟ್ರೇ, ಇದು..."

"ಗುಟ್ಟು ಅಂತ ಗೊತ್ತು. ಹೆಸರು ಬೇಕು ಅಂತಲೇ ಬಿಟ್ಟಿದ್ದಾರೆ, ನನಗೆ ಅಚ್ಚರಿ ಆಗಲಿ ಅಂತ. ನಾನೂ ಏನೂ ಗೊತ್ತಿಲ್ಲದ ಹಾಗೆ ಬರ್ತೀನಿ ಬಿಡು."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಬುಧವಾರ ಬೆಳಗಾಗುವಷ್ಟರಲ್ಲಿ ಆ ಒಂದು ಸಾಲಿಗೆ ಬೀದಿಯಲ್ಲಿ ಎಷ್ಟು ಮನೆಯೋ ಅಷ್ಟು ಬಾಲ ಹುಟ್ಟಿತ್ತು. ನೀರಿನ ಲಾರಿ ಬರುತ್ತದೆ ಅಂದರು ನಲ್ಲಿ ಒಣಗಿದವರು. ಹಳೇ ಕುರ್ಚಿ ಕೊಟ್ಟರೆ ಹೊಸದು ಕೊಡುತ್ತಾರೆ ಅಂದರು ಕುರ್ಚಿ ಮುರಿದವರು. ಸುಳ್ಳು ಅನ್ನಬೇಡಿ, ಜಟ್ಟಿಯಲ್ಲಿ ಬಂದಿದೆ ಅಂತ ಒಬ್ಬರಿಗೊಬ್ಬರು ಸಾಕ್ಷಿ ಹೇಳಿಕೊಂಡರು. ತಮ್ಮನಿಗೆ ಇದೆಲ್ಲ ತಮಾಷೆ. "ಬಾಯಲ್ಲಿ ಆಡ್ತಾರೆ ಅಷ್ಟೇ ಅಕ್ಕಾ, ಬಿಸಿಲಲ್ಲಿ ಎದ್ದು ಯಾರು ಬರ್ತಾರೆ," ಅಂತ ಚಹಾ ಕುಡಿದ.

ಗುಂಡಿ ಅಂಗಡಿಯವಳು ಬಂದದ್ದು ಆ ಹೊತ್ತಿಗೆ. ಎದುರು ಸಾಲಿನಲ್ಲಿ ಗುಂಡಿ, ದಾರ, ಜರಿಪಟ್ಟಿ ಮಾರಿಕೊಂಡು ಅಂಗಡಿಯ ಹಿಂದೆಯೇ ವಾಸವಿದ್ದ ಒಂಟಿ ಹೆಂಗಸು. ತಮ್ಮನದೇ ವಯಸ್ಸು, ಅವನಿಗಿಂತ ಒಂದು ಹಿಡಿ ಹೆಚ್ಚು ಧೈರ್ಯ. ತಮ್ಮ ವಾರಕ್ಕೊಮ್ಮೆ ಅವಳ ಅಂಗಡಿಗೆ ಹೋಗಿ, ಅಂಗಿಯ ಗುಂಡಿ ಬಿದ್ದುಹೋಯಿತೆಂದು ಹೇಳಿ ಗುಂಡಿ ತರುತ್ತಿದ್ದ. ಅವನ ಅಂಗಿಗಳಲ್ಲಿ ಒಂದು ಗುಂಡಿಯೂ ಬಿದ್ದಿರಲಿಲ್ಲ. ತಂದದ್ದೆಲ್ಲ ಕಾಗದದ ರಾಶಿಯ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿಗೆ ಹೋಗುತ್ತಿತ್ತು. ಧೂಳು ಹೊಡೆಯುವಾಗ ಅಕ್ಕ ಆ ಡಬ್ಬಿ ಎತ್ತಿದ್ದುಂಟು. ಎರಡು ಕೈ ಬೇಕಾಗಿತ್ತು.

ಗುಂಡಿ ಅಂಗಡಿಯವಳು ಹಾಳೆಯ ಮುಂದೆ ತುಂಬ ಹೊತ್ತು ನಿಂತಳು. ಆಮೇಲೆ ಕಿಟಕಿಗೆ ಬಂದು, ಒಳಗೆ ಚಹಾ ಹಿಡಿದು ಕಲ್ಲಾಗಿದ್ದ ತಮ್ಮನನ್ನು ನೋಡದ ಹಾಗೆ ನೋಡಿ, "ಅಕ್ಕ, ಐದು ಗಂಟೆ ಅಂದರೆ ನಾನು ಅಂಗಡಿ ಮುಚ್ಚಿ ಬರಬೇಕಾಗುತ್ತೆ," ಅಂದಳು.

"ನಿಮ್ಮಿಷ್ಟ ಕಣಮ್ಮ."

"ಹಗಲು ಹೊತ್ತು ಇದುವರೆಗೂ ಮುಚ್ಚಿಲ್ಲ."

"ಗೊತ್ತು."

ಅವಳು ಹೋದ ಮೇಲೆ ತಮ್ಮ ಚಹಾ ಮುಗಿಸಲಿಲ್ಲ. ಮಧ್ಯಾಹ್ನ ಗಡ್ಡ ಮಾಡಿಸಿಕೊಳ್ಳಲು ಹೋದ. ಗಡ್ಡದ ದಿನ ಅದಲ್ಲ. ಅಲ್ಲಿ ಕ್ಷೌರದವನು ಅವನ ಗಲ್ಲ ಹಿಡಿದು, ಬೀದಿಗೆಲ್ಲ ಕೇಳುವಂತೆ ಪಿಸುಗುಟ್ಟಿದ: "ಎಲ್ಲಾ ಗೊತ್ತಾಯ್ತು ಬಿಡಿ. ನಿಮ್ಮಕ್ಕ ನಿಮ್ಮ ಮದುವೆ ಮಾತುಕತೆ ಇಟ್ಟಿದ್ದಾರೆ. ಅದಕ್ಕೇ ಹೆಸರಿಲ್ಲ ಅದರಲ್ಲಿ. ಗುಂಡಿ ಅಂಗಡಿಯಮ್ಮ ಬಾಗಿಲು ಮುಚ್ಚಿ ಬರ್ತಾರಂತೆ, ಇನ್ನೇನು ಬೇಕು! ಅಲ್ಲಾಡಬೇಡಿ, ಕತ್ತಿ ಇದೆ."

ತಮ್ಮ ಕಿವಿ ಕೆಂಪು ಮಾಡಿಕೊಂಡು ವಾಪಸು ಬಂದ. ಒಂದಿಷ್ಟು ಕಾಗದ ಅಲ್ಲಿಂದಿಲ್ಲಿಗೆ ಎತ್ತಿಟ್ಟ, ಇಲ್ಲಿಂದಲ್ಲಿಗೆ ಎತ್ತಿಟ್ಟ.

"ಅಕ್ಕಾ. ಅದು ಗಾಡಿಯವನ ವಿಷಯ ತಾನೆ?"

"ಯಾವುದು?"

"ಬಾಗಿಲ ಮೇಲಿರೋದು."

"ಓದಿದ್ದೀಯಲ್ಲ."

"ಓದಿದೆ. ಅದು ಗಾಡಿಯವನ ವಿಷಯ ಮಾತ್ರ ತಾನೆ?"

"ಕೆಲಸ ಕೊಟ್ಟವರ ಹೆಸರು ಹೇಳೋ ಹಾಗಿಲ್ಲ."

"ಕೆಲಸ ಕೊಟ್ಟವರು ಯಾರೂ ಇಲ್ಲವಲ್ಲ! ನಾವೇ ಅಲ್ವಾ!"

"ಹಾಗಂತ ನಿನಗೆ ಹೇಳಿದ್ದು ಯಾರು?" ಅಂದು ಅಕ್ಕ ರಾಗ ಗುನುಗುತ್ತ ಬಟ್ಟೆ ಒಗೆಯಲು ಹೋದಳು. ತಮ್ಮ ಬಾಗಿಲಿಗೆ ಹೋಗಿ, ತಾನೇ ಹಿಡಿ ಎಳೆದು ಅಚ್ಚು ಮಾಡಿದ ಹಾಳೆಯನ್ನು ಹೊಸಬನ ಹಾಗೆ ಓದಿದ.

ಗುರುವಾರ ಬಿಸಿಲು ಕೆಂಡ. ನಾಲ್ಕು ಗಂಟೆಗೆ ಅಕ್ಕ ಕಿಟಕಿಯಿಂದ ನೋಡಿದರೆ ಬೀದಿಯಲ್ಲಿ ಒಂದು ನಾಯಿ, ಅದೂ ಮಲಗಿದ್ದು. ಕ್ಷೌರದ ಅಂಗಡಿಯ ಪರದೆ ಇಳಿದಿತ್ತು. ದರ್ಜಿಯ ಯಂತ್ರದ ಸದ್ದಿಲ್ಲ. ನಾಲ್ಕೂವರೆಗೂ ನಾಯಿ ಎದ್ದಿರಲಿಲ್ಲ. ತಮ್ಮ ಬೇರೆ ಒಳಕೋಣೆ ಸೇರಿ ಚಿಲಕ ಹಾಕಿಕೊಂಡಿದ್ದ. ಗೆದ್ದೆ ಅಂತ ಮಲಗಿರಬೇಕು ಅಂದುಕೊಂಡಳು.

ಆಡಿದ ಮಾತು ಆಡಿಯಾಗಿತ್ತು. ಹಳೇ ಸೀರೆ ಹರಿದು ಪಟ್ಟಿ ಮಾಡಿಕೊಂಡಳು. ಡ್ರಾಯರು ಎಳೆದು, ಪಾದ ಮುರಿದವನನ್ನೇ ಮೊದಲು ಎತ್ತಿದಳು. ಅವನ ಕಾಲಡಿಗೆ ರಟ್ಟು ಬೇಕು ಅಂತ ಹೋಟೆಲಿನವರಿಗೆ ಹೇಗೆ ಗೊತ್ತಾಗಬೇಕು? ಅದನ್ನೂ ಜೊತೆಗೇ ಇಟ್ಟು ಸುತ್ತಿದಳು. ಮಗುವಿಗೆ ಸುತ್ತುವ ಹಾಗೆ ಸುತ್ತಿದಳು. ಇನ್ನೊಬ್ಬನನ್ನು ಎತ್ತಿದಳು. ಅವನಿಗೂ ಗಂಟು ಹಾಕಿದಳು.

ಆಗ ಹೊರಗೆ ನಾಯಿ ಬೊಗಳಿತು.

ಒಂದು ಬಾಗಿಲು ಕಿರುಗುಟ್ಟಿತು, ಅದರ ಹಿಂದೆ ಇನ್ನೊಂದು. ಅಕ್ಕ ಇಣುಕಿ ನೋಡಿದಳು. ಇಷ್ಟು ಹೊತ್ತು ಬೀದಿ ಖಾಲಿ ಇದ್ದದ್ದು ಯಾಕೆಂದು ಆಗ ತಿಳಿಯಿತು: ಎಲ್ಲರೂ ಒಳಗೆ ಸಿಂಗಾರ ಮಾಡಿಕೊಳ್ಳುತ್ತಿದ್ದರು! ಮೇಷ್ಟ್ರು ಕಪ್ಪು ಕೋಟು ತೊಟ್ಟು, ಏನೂ ಗೊತ್ತಿಲ್ಲದ ಮುಖ ಹೊತ್ತು ಬರುತ್ತಿದ್ದರು. ಜೇಬಿನಿಂದ ಭಾಷಣದ ಹಾಳೆ ಕತ್ತು ಚಾಚಿತ್ತು. ದರ್ಜಿ ಹೊಸ ಅಳತೆ ಪಟ್ಟಿ ಹಾಕಿಕೊಂಡಿದ್ದ. ಕ್ಷೌರದವನು ಪನ್ನೀರಿನ ಕುಪ್ಪಿ ಹಿಡಿದಿದ್ದ. ನೀರಿನವರು ಬಕೆಟ್ಟು, ಕೊಡ, ಒಬ್ಬಳಂತೂ ಮಗುವಿನ ಸ್ನಾನದ ತೊಟ್ಟಿ. ಕುರ್ಚಿಯವರು ಮೂರು ಕಾಲಿನ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತಿದ್ದರು. ಬಾಗಿಲಿನಿಂದ ಆಚೆ ಮೋರಿಯ ತನಕ ಜನ ಒಬ್ಬರಿಗೊಬ್ಬರು ಅಂಟಿ, ಹೊಟ್ಟೆ ಒಳಗೆಳೆದುಕೊಂಡು, ಭುಜಕ್ಕೆ ಭುಜ ಒತ್ತಿ ನಿಂತರು. ಅಕ್ಕನಿಗೆ ಡ್ರಾಯರೇ ಎದ್ದು ಬೀದಿಗೆ ಹೋಗಿ ನಿಂತ ಹಾಗೆ ಕಂಡಿತು.

ಐದಕ್ಕೆ ಸರಿಯಾಗಿ ಗಾಡಿ ಬಂತು. ಬೀದಿಯ ತುದಿಯಲ್ಲೇ ನಿಂತಿತು. ಹೋಟೆಲು ಅಲಂಕಾರದವನು ಇಳಿದು, ಬಕೆಟ್ಟಿಗೆ ಮೊಣಕಾಲು ತಗಲಿಸಿಕೊಂಡು, ಕುರ್ಚಿಗೆ ತಲೆ ತಗಲಿಸಿಕೊಂಡು ನುಗ್ಗುತ್ತ ಬಂದ. ಬಾಗಿಲ ಮುಂದೆ ಬಂದು ಹಾಳೆ ಓದಿದ. ಅವನ ಮುಖ ಬಾಡಿ, ಆಮೇಲೆ ಊದಿತು.

"ಇದೇನ್ರೀ ಇದು? ನನ್ನ ಹೊತ್ತು, ನನ್ನ ದಿನ! ನನಗೊಬ್ಬನಿಗೇ ಕೊಡ್ತೀವಿ ಅಂತ ಹೇಳಿ ಹರಾಜಿಗೆ ಇಟ್ಟಿದ್ದೀರಾ? ಇವರೆಲ್ಲ ಅದಕ್ಕೇ ಬಂದವರಾ?"

"ಹೂಂ, ನಾವೂ ಅದಕ್ಕೇ ಬಂದಿದ್ದು," ಅಂದ ಕ್ಷೌರದವನು, ಯಾವುದಕ್ಕೆ ಎಂದು ಕೇಳುವ ಗೋಜಿಗೂ ಹೋಗದೆ.

"ನೀವು ಹಿಂದೆ ಹೋಗಿ ನಿಲ್ಲಿ ಸ್ವಾಮಿ," ಅಂದಳು ತೊಟ್ಟಿಯವಳು. "ನಾವು ಮೊದಲು ಬಂದವರು."

"ಬೇಡ. ಮೋಸಗಾರರ ಸಹವಾಸವೇ ಬೇಡ ನನಗೆ!" ಅಲಂಕಾರದವನು ಬಂದ ದಾರಿಯಲ್ಲೇ ಇನ್ನೆರಡು ಕುರ್ಚಿಗೆ ತಲೆ ಕೊಟ್ಟುಕೊಂಡು ಹೊರಟೇ ಹೋದ. ಗಾಡಿ ಹಿಂದಕ್ಕೆ ಸರಿಯುವ ಸದ್ದು ಕೇಳಿಸಿತು.

ಈಗ ಬೀದಿಯ ಕಣ್ಣೆಲ್ಲ ಅಕ್ಕನ ಮೇಲೆ.

"ಅಕ್ಕಾ, ಐದಾಯ್ತು," ಅಂದ ದರ್ಜಿ. "ಹೇಳಿ ಇನ್ನಾದರೂ. ಏನು ಇಲ್ಲೇ?"

ಅಕ್ಕ ಕೈ ಒರೆಸಿಕೊಂಡಳು. "ಗಾಡಿ ಬರಬೇಕಿತ್ತು. ಬಂತು. ಹೋಯ್ತು. ಅಷ್ಟೇ."

ಬಕೆಟ್ಟುಗಳು ಸದ್ದು ಮಾಡಿದವು. "ಅಷ್ಟೇ ಅಂದರೆ?" "ಇದಕ್ಕೆ ಜಟ್ಟಿ ಬೇಕಿತ್ತಾ?" "ನನ್ನ ಕುರ್ಚಿ ಇನ್ನೂ ಮುರೀತಲ್ಲ!" ಗದ್ದಲ ಕಿಟಕಿಗೆ ಏರುವಷ್ಟರಲ್ಲಿ ಒಳಕೋಣೆಯ ಚಿಲಕ ತೆಗೆದ ಸದ್ದಾಯಿತು. ತಮ್ಮ ಹೊರಗೆ ಬಂದ. ಮಡಿಕೆ ಬಿಚ್ಚದ ಹೊಸ ಅಂಗಿ. ನೀರು ಹಚ್ಚಿ ಬಾಚಿದ ಕೂದಲು. ಕೊರಳ ತನಕ ಒಂದೂ ಬಿಡದೆ ಹಾಕಿದ ಗುಂಡಿ. ಮಲಗಿದ್ದವನ ಮುಖವಲ್ಲ ಅದು.

"ನೋಡಿ! ನಾನು ಹೇಳಲಿಲ್ವಾ!" ಅಂತ ಕ್ಷೌರದವನು ಕುಪ್ಪಿ ಎತ್ತಿ ಎಲ್ಲರ ಮೇಲೂ ಪನ್ನೀರು ಎರಚಿದ.

ಜನ ತಾವಾಗಿ ಸರಿದು ದಾರಿ ಮಾಡಿದರು. ದಾರಿಯ ಆ ತುದಿಯಲ್ಲಿ ಗುಂಡಿ ಅಂಗಡಿಯವಳು, ಅವಳ ಹಿಂದೆ ಹಗಲಲ್ಲೇ ಇಳಿದ ಅಂಗಡಿಯ ಬಾಗಿಲು.

ತಮ್ಮ ಅಕ್ಕನ ಕಡೆ ತಿರುಗಿದ. "ಅಕ್ಕಾ, ಏನಾದರೂ ಹೇಳೇ."

"ಪಂಥ ಒಂದೇ ಸಾಲಿಗೆ. ನನ್ನದು ಮುಗೀತು. ಮುಂದಿನದು ನೀನು ಹಾಕು."

ತಮ್ಮ ಕೊರಳಿನ ಗುಂಡಿ ಮುಟ್ಟಿ ನೋಡಿಕೊಂಡ. ಗುಂಡಿ ಅಂಗಡಿಯವಳೇ ಎರಡು ಹೆಜ್ಜೆ ಮುಂದೆ ಬಂದಳು. "ಈ ವಾರ ಯಾವ ಗುಂಡಿ ಬಿದ್ದಿದೆ?"

"ಒಂದೂ ಬಿದ್ದಿಲ್ಲ," ಅಂದ ತಮ್ಮ. ಬೀದಿ ಕಿವಿಯಾಗಿತ್ತು. "ಯಾವತ್ತೂ ಬಿದ್ದಿರಲಿಲ್ಲ. ಎಲ್ಲಾ ಡಬ್ಬಿಯಲ್ಲಿ ಇದೆ."

"ಗೊತ್ತು. ಒಂದೇ ಅಂಗಿಗೆ ಒಂದೊಂದು ಸಲ ಒಂದೊಂದು ಬಣ್ಣದ ಗುಂಡಿ ಕೇಳ್ತಿದ್ದಿರಿ."

"ಡಬ್ಬಿ ತುಂಬಿಹೋಯ್ತು. ಇನ್ನು ಹಿಡಿಯಲ್ಲ."

"ಹಾಗಾದರೆ ಡಬ್ಬಿ ಸಮೇತ ಬಂದುಬಿಡಿ," ಅಂದಳು ಅವಳು.

ಜನ ಖುಷಿಗೆ ಬಕೆಟ್ಟು ಬಡಿದ ಸದ್ದಿಗೆ ನಾಯಿ ಬೀದಿ ಬಿಟ್ಟು ಓಡಿತು. ಇನ್ನು ಮನೆಗೆ ಹೋಗೋಣ ಅಂತ ಜನ ತಿರುಗುವ ಹೊತ್ತಿಗೆ ಮೇಷ್ಟ್ರು ಕೋಟು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದರು. "ಇಷ್ಟು ಜನ ಸೇರಿದ್ದೀರಿ, ನನಗಂತೂ ಅಚ್ಚರಿ," ಅಂತ ಶುರುಮಾಡಿ, ಜೇಬಿನ ಹಾಳೆ ಬಿಚ್ಚಿದರು. ಯಾರಿಗೂ ಬೇಡ ಅನ್ನುವ ಧೈರ್ಯವಾಗಲಿಲ್ಲ. ಬಕೆಟ್ಟು ಬೋರಲು ಹಾಕಿಕೊಂಡು ಕೂತರು, ಮೂರು ಕಾಲಿನ ಕುರ್ಚಿಗಳನ್ನು ಗೋಡೆಗೆ ಆನಿಸಿ ಕೂತರು. ಭಾಷಣ ಮುಗಿಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.

ಎಲ್ಲ ಹೋದ ಮೇಲೆ ತಮ್ಮ ಡ್ರಾಯರಿನ ಪಕ್ಕ ಕೂತು, ಅಕ್ಕ ಸುತ್ತಿಟ್ಟಿದ್ದ ಜಟ್ಟಿಗಳ ಗಂಟು ಬಿಚ್ಚಿದ. "ಗಾಡಿಗೆ ಜಾಗ ಇರಲಿಲ್ಲ ಬಿಡು," ಅಂದ. "ಬೀದಿ ಬಂತು, ಒಪ್ಪಿದೆ."

"ಬೀದಿ ಹಾಳಾಗಲಿ. ಯಾರೂ ಓದಲ್ಲ ಅಂದವನು ನೀನು. ಆ ಅಂಗಿ ಯಾಕೆ ಹಾಕಿಕೊಂಡೆ?"

ತಮ್ಮ ಪಾದ ಮುರಿದವನ ರಟ್ಟನ್ನು ಹುಷಾರಾಗಿ ಎತ್ತಿಟ್ಟ. "ಹಿಡಿ ಎಳೆದವನು ನಾನೇ," ಅಂದ. "ಆದರೂ ಅಷ್ಟು ದಪ್ಪಗೆ ಬಾಗಿಲ ಮೇಲೆ ನಿಂತುಬಿಟ್ಟರೆ ಏನಕ್ಕಾ ಮಾಡೋದು?"

ಅಲಂಕಾರದವನು ಗುರುವಾರವೇ ಹೋದವನು, ಮತ್ತೆ ಆ ಬೀದಿಗೆ ಕಾಲಿಡಲಿಲ್ಲ. ತಮ್ಮ ಹೊರಟದ್ದು ಮೊದಲ ಮಳೆ ಬಿದ್ದ ಮೇಲೆ, ಮದುವೆ ನೋಂದಣಿ ಕಚೇರಿಯಲ್ಲಿ ಇಬ್ಬರೂ ರುಜು ಹಾಕಿ ಬಂದ ಮರುದಿನ, ಒಂದು ಭಾನುವಾರ ಬೆಳಿಗ್ಗೆ. ಕಂಕುಳಲ್ಲಿ ದಿಂಬು, ಎರಡು ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. "ನಾಳೆ ಒಂಬತ್ತಕ್ಕೆ ಹಿಡಿ ಎಳೆಯೋಕೆ ಬರ್ತೀನಿ," ಅಂದ. "ಬರದೆ ಎಲ್ಲಿಗೆ ಹೋಗ್ತೀಯ," ಅಂದಳು ಅಕ್ಕ, ಸೀಮೆಎಣ್ಣೆಯ ಬಟ್ಟೆ ಹಿಂಡುತ್ತ. ಅವನು ಒದ್ದೆ ಬೀದಿ ದಾಟುವಾಗ ಡಬ್ಬಿಯೊಳಗಿನ ಗುಂಡಿಗಳು ಗಲಗಲ ಅನ್ನುತ್ತಿದ್ದದ್ದು ಕಿಟಕಿಯ ತನಕ ಕೇಳಿಸುತ್ತಿತ್ತು. ಎದುರು ಅಂಗಡಿಯ ಬಾಗಿಲು ತೆರೆದು, ಮುಚ್ಚಿಕೊಂಡ ಮೇಲೆ ಆ ಸದ್ದು ನಿಂತಿತು.